ಆರಾದ ಮೇಲೆ ಎಂಟು

ಬಾಗಿಲು ಹಾಕಿ ಬೀಗ ಜಡಿಯುವುದು ಎಲ್ಲರೂ ಮಾಡುವ ಕೆಲಸ. ಈ ಪ್ರೆಸ್ಸಿನಲ್ಲಿ ಬೀಗದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅರಗು, ಅರಗಿನ ಮೇಲೆ ಮೊಹರು, ಮೊಹರಿನ ಪಕ್ಕ ಸಹಿ, ಸಹಿಯ ಕೆಳಗೆ ತಾರೀಖು. ಇಷ್ಟೆಲ್ಲ ಆದ ಮೇಲೂ ಬಾಗಿಲನ್ನು ಒಮ್ಮೆ ಜಗ್ಗಿ ನೋಡುವುದು. ಒಳಗಿದ್ದದ್ದು ಚಿನ್ನವಲ್ಲ, ಬೆಳ್ಳಿಯಲ್ಲ; ಪೌರನೀತಿ ಪರೀಕ್ಷೆಯ ಪ್ರಶ್ನೆಪತ್ರಿಕೆ. ಅದರ ಜೊತೆಗೆ ಅಚ್ಚು ಹಾಕುವವನೊಬ್ಬ, ಮಡಚಿ ಕಟ್ಟುವವಳೊಬ್ಬಳು, ಅವರಿಬ್ಬರನ್ನು ಕಾಯುವವರೊಬ್ಬರು. ಈಗ ಹೇಳಹೊರಟದ್ದು ನಡೆದ ಸಂಗತಿ. ಉಪ್ಪುಖಾರ ತುಸು ಸೇರಿದ್ದರೆ ಅದು ಹೇಳುವವರ ಬಾಯಿರುಚಿ. ಬೀಗ ಮಾತ್ರ ಅಪ್ಪಟ.

ಮಡಚಿ ಕಟ್ಟುವವಳಿಗೆ ಪ್ರೆಸ್ಸಿನಲ್ಲಿ ಬೈಂಡಿಂಗ್ ಅಕ್ಕ ಎಂದು ಹೆಸರು. ಇಪ್ಪತ್ತಾರು ವರ್ಷದಿಂದ ಹಾಳೆ ಮಡಚುತ್ತ ಬಂದವಳು. ನೂರು ಹಾಳೆಯ ಕಟ್ಟಿನಲ್ಲಿ ಒಂದು ಕಡಿಮೆಯಿದ್ದರೆ ಎಣಿಸದೆ ಹೆಬ್ಬೆರಳಲ್ಲೇ ಹೇಳುವಳು. ಮಡಿಕೆ ತೀಡುವ ಮೂಳೆಯ ಪಟ್ಟಿಯೊಂದು ಅವಳ ಸೊಂಟದಲ್ಲಿ ಸದಾ ಇರುತ್ತಿತ್ತು. ಮನೆಯ ಚಾಕುವಿಗಿಂತ ಅದರ ಮೇಲೆ ಅವಳಿಗೆ ಹೆಚ್ಚು ನಂಬಿಕೆ.

ಅಚ್ಚು ಹಾಕುವವನ ಹೆಸರು ಗಿಳಿ. ತಂದೆತಾಯಿ ಇಟ್ಟದ್ದಲ್ಲ, ಗಂಟಲು ಗಳಿಸಿಕೊಟ್ಟದ್ದು. ಮೂವತ್ತೈದು ದಾಟಿದ ಗಂಡಸು, ಯಾರ ಮಾತನ್ನಾದರೂ ಎರಡು ಸಲ ಕೇಳಿದರೆ ಮೂರನೇ ಸಲ ಅವರಿಗೇ ಅನುಮಾನ ಬರುವ ಹಾಗೆ ಆಡಿ ತೋರಿಸುವನು. ಪ್ರೆಸ್ಸಿನ ಯಜಮಾನರ ಕೆಮ್ಮನ್ನು ಇವನು ಕೆಮ್ಮಿದ್ದಕ್ಕೆ ಯಜಮಾನತಿ ಒಮ್ಮೆ ಕಷಾಯ ಕಳಿಸಿದ್ದರು.

ಕಾಯುವವರು ಪರೀಕ್ಷಾ ಇಲಾಖೆಯಿಂದ ಬಂದವರು. ಅರಗು ಸಾಹೇಬರು ಎಂದೇ ಪ್ರಸಿದ್ಧಿ, ಬೆನ್ನ ಹಿಂದೆ ಮಾತ್ರ. ಅವರೂ ಒಳಗೇ ಇರಬೇಕು, ಅದು ನಿಯಮ. ಬೀಗ ಹೊರಗೆ, ಬೀಗದ ಕೈ ಒಳಗೆ ಅವರ ಜೇಬಿನಲ್ಲಿ. ಹೊರಗಿನ ಇಬ್ಬರು ಕಾವಲಿನವರು, ಒಬ್ಬ ಗಂಡಸು ಒಬ್ಬ ಹೆಂಗಸು, ತೆಗೆಯಬಲ್ಲರು, ಕೈ ಇಲ್ಲ. ಸಾಹೇಬರ ಹತ್ತಿರ ಕೈ ಇದೆ, ತೆಗೆಯಲಾರರು. ಬಾಗಿಲಿನ ಕಿಂಡಿಯಿಂದ ಕೈ ದಾಟಿಸಿದರೆ ಮಾತ್ರ ಹೊರಗಿನ ಗಾಳಿ. ಈ ಏರ್ಪಾಡನ್ನು ಕಂಡುಹಿಡಿದವರು ಯಾರೋ, ಅವರ ಮನೆಯಲ್ಲಿ ಹೆಂಡತಿ ಮಕ್ಕಳು ಹೇಗಿದ್ದಾರೋ ಎಂದು ಅಕ್ಕನಿಗೆ ಆಗಾಗ ಅನ್ನಿಸುವುದಿತ್ತು.

ಕೆಲಸ ಹನ್ನೆರಡು ದಿನದ್ದು. ಮೊದಲ ದಿನ ಎಲ್ಲರ ಮೊಬೈಲುಗಳನ್ನು ತಗಡಿನ ಡಬ್ಬಿಗೆ ಹಾಕಿ, ಡಬ್ಬಿಗೂ ಅರಗು ಬಳಿದು, ಸಾಹೇಬರು ಕನ್ನಡಕ ಒರೆಸಿಕೊಂಡು ಎದ್ದು ನಿಂತರು. ಕೈಯಲ್ಲಿ ಬೂದು ಬಣ್ಣದ ರಟ್ಟಿನ ಸಣ್ಣ ನಿಯಮಪುಸ್ತಕ. ಪ್ರತಿ ಸಲ ಬಂದಾಗಲೂ ಅದನ್ನು ಗಟ್ಟಿಯಾಗಿ ಓದಬೇಕು, ಅದೂ ನಿಯಮ.

"ಒಂದು. ಕೆಲಸಗಾರರು ಕೆಲಸ ಮುಗಿಯುವ ತನಕ ಆವರಣ ಬಿಡತಕ್ಕದ್ದಲ್ಲ. ಎರಡು. ಹೊರಗಿನವರೊಡನೆ ಮಾತಾಡತಕ್ಕದ್ದಲ್ಲ. ಮೂರು. ಕಿಟಕಿ ತೆರೆಯತಕ್ಕದ್ದಲ್ಲ." ಹೀಗೆ ತಕ್ಕದ್ದಲ್ಲಗಳು ಸಾಲುಗಟ್ಟಿ ಬಂದವು. "ಆರು. ಮೂರು ದಿನಕ್ಕೊಮ್ಮೆ ಬಟ್ಟೆಯ ಚೀಲವನ್ನು ತಪಾಸಣೆ ಮಾಡಿ ಒಳಗೆ ಬಿಡತಕ್ಕದ್ದು." ಒಂದಾದರೂ ತಕ್ಕದ್ದು ಬಂತಲ್ಲ ಎಂದು ಅಕ್ಕ ಉಸಿರು ಬಿಡುವಷ್ಟರಲ್ಲಿ ಸಾಹೇಬರು ಪುಟ ಮಗುಚಿದರು. "ಎಂಟು."

"ಸಾರ್, ಏಳು?" ಗಿಳಿ ಕೇಳಿದ.

"ಏಳು ರದ್ದಾಗಿದೆ."

"ಯಾವಾಗ ಸಾರ್?"

"ನಾನು ಈ ಕೆಲಸಕ್ಕೆ ಬರೋಕೆ ಮುಂಚೆ. ಹನ್ನೊಂದು ವರ್ಷದಿಂದ ಓದ್ತಿದೀನಿ, ಆರಾದ ಮೇಲೆ ಎಂಟೇ. ಸುಮ್ಮನೆ ಕೇಳಿಸಿಕೋ."

ಅಂದಿನಿಂದ ಗಿಳಿಗೆ ಅದೇ ಆಟ. ಅಚ್ಚಿನ ಹಾಳೆ ಎಣಿಸುವಾಗ ಸಾಹೇಬರ ದನಿಯಲ್ಲಿ "ಐದು, ಆರು, ಎಂಟು" ಎನ್ನುವನು. ಅಕ್ಕ ಮೊದಮೊದಲು ನಕ್ಕಳು. ಏಳನೇ ದಿನ ಬಟ್ಟೆಯ ಚೀಲ ಬಂದ ಮೇಲೆ ನಗಲಿಲ್ಲ.

ಚೀಲದಲ್ಲಿ ಎರಡು ಸೀರೆ, ಒಂದು ಸೋಪು, ಒಂದು ಮಡಚಿದ ಕಾಗದ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಕೊನೆಗೆ "ಸರ್ಕಾರಿ ಕಾಗದ, ಅಡ್ಡಿಯಿಲ್ಲ" ಎಂದು ಕೊಟ್ಟರು. ವಾರ್ಡ್ ಕಚೇರಿಯ ನೋಟಿಸು. 'ಮೂರು ಬಾರಿ ಸ್ಥಳ ಪರಿಶೀಲನೆ ನಡೆಸಲಾಗಿ, ಸದರಿ ವ್ಯಕ್ತಿಯು ಈ ವಿಳಾಸದಲ್ಲಿ ವಾಸವಿಲ್ಲವೆಂದು ಕಂಡುಬಂದ ಕಾರಣ ಮತದಾರರ ಪಟ್ಟಿಯಿಂದ ಹೆಸರನ್ನು ತೆಗೆದುಹಾಕಲು ಉದ್ದೇಶಿಸಿದೆ. ಆಕ್ಷೇಪಣೆ ಇದ್ದಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು.' ತಾರೀಖು ನಾಡಿದ್ದಿನದು, ಬೆಳಿಗ್ಗೆ ಹನ್ನೊಂದೂವರೆ. ಅದೇ ಕೊನೆಯ ವಿಚಾರಣೆ.

ಹಿಂಬದಿಯಲ್ಲಿ ಮಗಳ ಅಕ್ಷರ. 'ಅಮ್ಮಾ, ಅವರು ಬಂದಿದ್ದ ಮೂರು ತಾರೀಖನ್ನೂ ಕ್ಯಾಲೆಂಡರ್‌ನಲ್ಲಿ ನೋಡಿದೆ. ಮೂರು ಸಲವೂ ನೀನು ಪ್ರೆಸ್ಸಿನೊಳಗೆ ಬೀಗದಲ್ಲಿದ್ದೆ, ನಾನು ಕೆಲಸಕ್ಕೆ ಹೋಗಿದ್ದೆ. ನಾನೇ ಹೋಗಿ ಹೇಳಿದೆ, ನೀನೇ ಬರಬೇಕು ಅಂದರು. ನನ್ನ ಹೆಸರು ಈ ವರ್ಷ ಸೇರಿಸಿದ್ದು, ಅದು ಉಳಿದಿದೆ. ಈ ಮನೆಯಲ್ಲಿ ಈಗ ನಾನೊಬ್ಬಳೇ ಇರುವುದಂತೆ. ಹಾಗಾದರೆ ದಿನಾ ನನ್ನನ್ನು ಬೈಯುತ್ತಿದ್ದವರು ಯಾರು ಅಂತ ಕೇಳಬೇಕಿತ್ತು. ಮನೆಗಳ ಹಕ್ಕುಪತ್ರ ಇದೇ ಪಟ್ಟಿ ನೋಡಿ ಕೊಡುತ್ತಾರಂತೆ ಅಮ್ಮಾ. ಮನೆ ಇರೋದು ನಿನ್ನ ಹೆಸರಲ್ಲಿ.'

ಅಕ್ಕ ಕಾಗದವನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಬೀಗದೊಳಗಿದ್ದಳೆಂದು ಹೆಸರು ಹೋಯಿತು. ಹೆಸರು ಉಳಿಸಿಕೊಳ್ಳೋಣವೆಂದರೆ ಬೀಗದೊಳಗಿದ್ದಾಳೆ. ಸುತ್ತಿಬಳಸಿ ಬಂದರೂ ಅದೇ ಬಾಗಿಲು.

ಸಾಹೇಬರ ಕೋಣೆಗೆ ಹೋಗಿ ನಿಂತಳು. ಮಹಡಿಯ ಮೂಲೆಯಲ್ಲಿ ಗಾಜಿನ ಗೋಡೆಯ ಕೋಣೆ. ಅದರಲ್ಲೊಂದು ಮೇಜು, ರಿಜಿಸ್ಟರು, ಅರಗು ಕಾಯಿಸುವ ಸ್ಪಿರಿಟ್ ದೀಪ, ಒಂದು ಫೋನು.

"ಸಾರ್, ಎರಡು ಗಂಟೆ ಸಾಕು. ವಾರ್ಡ್ ಆಫೀಸು ಎರಡು ಬೀದಿ ಆಚೆ. ಹೋಗಿ, ನಾನಿದೀನಿ ಅಂತ ಹೇಳಿ ಬಂದುಬಿಡ್ತೀನಿ."

"ಆಗಲ್ಲಮ್ಮ." ಸಾಹೇಬರು ಗದರಲಿಲ್ಲ. ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಪ್ರಶ್ನೆ ಕಂಡವರು ಹೊರಗೆ ಹೋಗೋ ಹಾಗಿಲ್ಲ. ಪುಸ್ತಕದಲ್ಲಿ ಅವಕಾಶ ಇದ್ದಿದ್ದರೆ ನಾನೇ ಕಳಿಸ್ತಿದ್ದೆ."

"ನಂಗೂ ಹಕ್ಕು ಅಂತ ಒಂದಿದೆ ಅಲ್ವಾ ಸಾರ್? ನನ್ನ ಮಾತು ಕೇಳದೆ ಹೆಸರು ಹೊಡೆದುಹಾಕಬಾರದು ಅಂತ ತಾನೇ ಅವರು ಕರೆದಿರೋದು?"

"ಹಕ್ಕಿದೆ. ಯಾರು ಇಲ್ಲ ಅಂದರು? ಆದರೆ ಎಲ್ಲ ಹಕ್ಕಿಗೂ ಒಂದು ಮಿತಿ ಇರತ್ತೆ ತಾಯಿ. ಸಾವಿರಾರು ಮಕ್ಕಳ ಪರೀಕ್ಷೆ ಇದು."

"ಮಿತಿಗೆ ಮಿತಿ ಇರಲ್ವಾ ಸಾರ್?"

ಸಾಹೇಬರು ಬಾಯಿಯ ಬದಲು ಪುಸ್ತಕ ತೆರೆದರು. ಆರು ಓದಿದರು, ಪುಟ ಮಗುಚಿ ಎಂಟು ಓದಿದರು. "ಮೇಲಾಗಿ ನೀವು ಒಪ್ಪಿ ಸಹಿ ಹಾಕಿದೀರಲ್ಲಮ್ಮ" ಎಂದು ಮೆಲ್ಲಗೆ ಮುಚ್ಚಿದರು.

ಹೌದು, ಸಹಿ ಹಾಕಿದ್ದಳು. ಹಾಕದಿದ್ದರೆ ಕೆಲಸ ಇರುತ್ತಿರಲಿಲ್ಲ. ಸ್ವಇಚ್ಛೆಯಿಂದ ಎಂದು ಅದರಲ್ಲಿ ಬರೆದಿತ್ತು.

ಮರುದಿನವೆಲ್ಲ ಮಡಚುವ ಕೆಲಸ. ಪ್ರಶ್ನೆಗಳನ್ನು ಓದಬಾರದು, ಓದಿದರೂ ಓದಿಲ್ಲವೆಂಬಂತೆ ಕಣ್ಣು ಇಟ್ಟುಕೊಳ್ಳಬೇಕು. ಆದರೆ ಮಡಿಕೆ ನೇರವಾಗಿ ಬೀಳಬೇಕಾದರೆ ಎಲ್ಲಿ ಬೀಳುತ್ತದೆಂದು ನೋಡಲೇಬೇಕಲ್ಲ. ಈ ಪತ್ರಿಕೆಯಲ್ಲಿ ಮಡಿಕೆ ಬೀಳುತ್ತಿದ್ದದ್ದು ಸರಿಯಾಗಿ ಹನ್ನೊಂದನೇ ಪ್ರಶ್ನೆಯ ಮೇಲೆ. 'ಕಾನೂನು ತೋರಿಸಿದ ಕ್ರಮವನ್ನು ಬಿಟ್ಟು ವ್ಯಕ್ತಿಯೊಬ್ಬನ ಸ್ವಾತಂತ್ರ್ಯವನ್ನು ಕಸಿಯಬಹುದೇ? ಕಾರಣ ಕೊಡಿ. ನಾಲ್ಕು ಅಂಕ.' ಮೂಳೆಯ ಪಟ್ಟಿಯಿಂದ ಅದರ ಮೇಲೆ ಒಮ್ಮೆ ತೀಡುವಳು, ಪಕ್ಕಕ್ಕಿಡುವಳು, ಮುಂದಿನ ಹಾಳೆ ಎಳೆದುಕೊಳ್ಳುವಳು. ಅಲ್ಲೂ ಅದೇ. ಸಂಜೆಯ ಹೊತ್ತಿಗೆ ಆ ಪ್ರಶ್ನೆಯನ್ನು ಸಾವಿರದ ಇನ್ನೂರು ಸಲ ತೀಡಿದ್ದಳು. ನಾಲ್ಕು ಅಂಕದ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಅವಳು ಕಾಲೇಜನ್ನೇ ಮುಗಿಸಬೇಕಿತ್ತು.

ಕಿಟಕಿಯ ಗಾಜಿಗೆಲ್ಲ ಸುಣ್ಣ ಬಳಿದಿತ್ತು. ಒಂದು ಮೂಲೆಯಲ್ಲಿ ಬಟಾಣಿಯಷ್ಟು ಸುಣ್ಣ ಉದುರಿದೆ. ಅಲ್ಲಿ ಕಣ್ಣಿಟ್ಟರೆ ಬೀದಿಯ ಒಂದು ಚೂರು, ಎದುರಿನ ಅಂಗಡಿಯ ತಗಡಿನ ಮಾಡಿನಡಿ ಹೋಗಿಬರುವವರ ಮೊಣಕಾಲಿಂದ ಕೆಳಗಿನ ಭಾಗ. ಚಪ್ಪಲಿಗಳು, ಬೂಟುಗಳು, ಒಂದು ಜೋಡಿ ಬರಿಗಾಲು. ಅವಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಎಲ್ಲಿಗೋ ಹೊರಟು, ಮರೆತದ್ದು ನೆನಪಾಗಿ, ಮನಸ್ಸು ಬದಲಾಯಿಸಿ ವಾಪಸು ತಿರುಗಿದ ಒಂದು ಜೋಡಿ ಚಪ್ಪಲಿಯನ್ನು ಅಕ್ಕ ಮರೆಯಾಗುವ ತನಕ ನೋಡಿದಳು. ಮನಸ್ಸು ಬದಲಾಯಿಸುವುದೂ ಒಂದು ಸಿರಿವಂತಿಕೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಚಹಾದ ಹೊತ್ತಿಗೆ ಗಿಳಿ ಮಸಿಯ ಕೈ ಒರೆಸಿಕೊಳ್ಳುತ್ತ ಮೇಲೆ ಬಂದ.

"ಅಕ್ಕಾ, ಹೀಗೆ ಮುಖ ಮಡಚಿಕೊಂಡು ಕೂತರೆ ಅದನ್ನೂ ಕಟ್ಟಿ ಪ್ಯಾಕ್ ಮಾಡಿಬಿಡ್ತಾರೆ ನೋಡು."

"ಸುಮ್ಮನಿರೋ. ನಾಳೆ ಈ ಹೊತ್ತಿಗೆ ನಾನು ಇಲ್ಲದವಳು."

"ಇಲ್ಲಿ ಒಳಗಿದೀಯ ಅಂತ ಬಿಡ್ತಿಲ್ಲ, ಅಲ್ಲಿ ಮನೇಲಿಲ್ಲ ಅಂತ ಹೊಡೆದುಹಾಕ್ತಿದಾರೆ. ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬರಬಾರದಾ?" ಅವಳು ನಗಲಿಲ್ಲ. ಗಿಳಿ ಗಾಜಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. "ನಾಳೆ ಬೆಳಿಗ್ಗೆ ನೋಡ್ತಿರು. ನಮ್ಮ ಸಾಹೇಬರನ್ನ ಏಳು ಅಂತ ಏಳಿಸ್ತೀನಿ."

"ಏನಾದರೂ ಕಿತಾಪತಿ ಮಾಡಿದೆಯೋ, ಕೈ ಮುರೀತೀನಿ."

"ಕೈಯಲ್ಲೇನೂ ಮಾಡಲ್ಲ ಅಕ್ಕಾ. ಬಾಯಲ್ಲಿ."

ಇಲ್ಲಿ ಫೋನಿನ ವಿಚಾರ ಹೇಳಬೇಕು. ಸಾಹೇಬರ ಮೇಜಿನ ಮೇಲಿನ ಫೋನಿಗೆ ಎರಡು ದಾರಿ. ಹೊರಗಿನಿಂದ ಬಂದರೆ ಒಂದು ಉದ್ದ ಗಂಟೆ. ಕೆಳಗಿನ ಮೆಷಿನ್ ಕೋಣೆಯಿಂದ ಬಂದರೆ ಎರಡು ಚಿಕ್ಕ ಗಂಟೆ. ದಿನಾ ಹತ್ತಕ್ಕೆ ಸರಿಯಾಗಿ ಇಲಾಖೆಯ ದೊಡ್ಡ ಸಾಹೇಬರ ಫೋನು ಬರುತ್ತಿತ್ತು. ಅವರನ್ನು ಇಲ್ಲಿ ಯಾರೂ ಕಂಡಿಲ್ಲ. ಆದರೆ ಅವರ ಗಂಟಲು ಎಂಥದ್ದೆಂದರೆ ರಿಸೀವರ್ ಸಾಹೇಬರ ಕಿವಿಯಲ್ಲಿದ್ದರೂ ಮಾತು ಮೆಟ್ಟಿಲವರೆಗೆ ಕೇಳುವುದು. ಮೊದಲು "ಹೂಂಹೂಂ" ಎಂದು ಗಂಟಲು ಸರಿಮಾಡಿಕೊಳ್ಳುವರು, ಆಮೇಲೆ "ಏನಪ್ಪಾ, ಎಲ್ಲ ನಿಯಮದ ಪ್ರಕಾರ?" ಎನ್ನುವರು. ಅರಗು ಸಾಹೇಬರು ಕುರ್ಚಿಯಿಂದ ಎದ್ದು, ನೆಟ್ಟಗೆ ನಿಂತು, "ನಿಯಮದ ಪ್ರಕಾರ ಸಾರ್!" ಎನ್ನುವರು. ಅಷ್ಟೇ ಮಾತು. ಎಂಟು ದಿನ ಇದನ್ನು ಕೇಳಿದ ಗಿಳಿಗೆ ಒಂಬತ್ತನೆಯ ದಿನ ಗಂಟಲು ತುರಿಸದೆ ಇರಲು ಸಾಧ್ಯವೇ?

ಮರುದಿನ ಒಂಬತ್ತೂವರೆಗೆ ಅಕ್ಕ ಹಾಳಾದ ಹಾಳೆಗಳ ರಿಜಿಸ್ಟರಿಗೆ ಸಹಿ ಹಾಕಲು ಸಾಹೇಬರ ಕೋಣೆಯಲ್ಲಿದ್ದಳು. ರಾತ್ರಿ ನಿದ್ದೆ ಬಂದಿರಲಿಲ್ಲ. ಕಣ್ಣೆದುರಿನ ಗಡಿಯಾರವನ್ನು ನೋಡಬಾರದೆಂದುಕೊಂಡರೂ ನೋಡುತ್ತಿದ್ದಳು.

ಟ್ರಿಣ್ ಟ್ರಿಣ್.

ಸಾಹೇಬರು ರಿಸೀವರ್ ಎತ್ತಿದರು.

"ಹೂಂಹೂಂ. ಏನಪ್ಪಾ, ಎಲ್ಲ ನಿಯಮದ ಪ್ರಕಾರ?"

ಸಾಹೇಬರು ಸೆಟೆದು ನಿಂತರು. "ನಿಯಮದ ಪ್ರಕಾರ ಸಾರ್! ಇವತ್ತು ಬೇಗ ಮಾಡಿದಿರಿ ಸಾರ್..."

ಅಕ್ಕ ಸಹಿಯನ್ನು ಅರ್ಧಕ್ಕೇ ನಿಲ್ಲಿಸಿ ಕಿವಿಗೊಟ್ಟಳು. ಕೆಳಗೆ ಮೆಷಿನ್ ಸದ್ದು ನಿಂತಿತ್ತು.

"ಹೂಂಹೂಂ. ಹಾಗಾದರೆ ಏಳನೇ ನಿಯಮ ಓದಪ್ಪಾ."

"ಸಾರ್... ಏಳು... ರದ್ದಾಗಿದೆ ಸಾರ್."

"ರದ್ದು ಮಾಡಿದ ಆದೇಶ ಎಲ್ಲಿ? ನಂಬರೆಷ್ಟು? ತಾರೀಖೆಷ್ಟು?"

ಆದೇಶವಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ನೋಡಿರಲಿಲ್ಲ. ಸಾಹೇಬರು ಪುಸ್ತಕ ತೆರೆದರು. ಆರು. ಮಗುಚಿದರು. ಎಂಟು. ಹಿಂದಕ್ಕೆ ಮಗುಚಿದರು. ಆರು. ನಡುವೆ ಏನಾದರೂ ಉದುರಬಹುದೆಂಬಂತೆ ಪುಸ್ತಕವನ್ನು ತಲೆಕೆಳಗು ಮಾಡಿ ಕೊಡವಿದರು. ಆಮೇಲೆ ರಿಸೀವರನ್ನು ಕೈಯಿಂದ ಮುಚ್ಚಿ, ಅಳುವ ದನಿಯಲ್ಲಿ ಹೇಳಿದರು, "ಅಮ್ಮಾ, ಪುಸ್ತಕ ಕಟ್ಟೋರು ನೀವು. ಈ ಏಳು ಎಲ್ಲಿ ಹೋಗಿರಬಹುದು ಸ್ವಲ್ಪ ನೋಡ್ತೀರಾ?"

ಗಿಳಿಯ ಮೇಲೆ ಕೆಂಡದಂತಹ ಸಿಟ್ಟಿನಲ್ಲೇ ಅಕ್ಕ ಪುಸ್ತಕ ತೆಗೆದುಕೊಂಡಳು. ಅವಳು ಓದಲಿಲ್ಲ. ಓದುವುದು ಅವಳ ಪದ್ಧತಿಯಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಜಾರಿಸಿದಳು. ಒಂದು ಹಾಳೆ, ಎರಡು ಹಾಳೆ, ಮೂರನೆಯದು ದಪ್ಪ.

ಮತ್ತೆ ಜಾರಿಸಿದಳು. ದಪ್ಪವೇ. ಒಂದು ಹಾಳೆಯಲ್ಲ ಅದು, ಎರಡು. ಮೇಲಿನ ಅಂಚಿನಲ್ಲಿ ಮಡಿಕೆ ಕತ್ತರಿಸದೆ ಉಳಿದು, ಪಕ್ಕದ ಅಂಚಿನಲ್ಲಿ ಅಂಟು ಒಸರಿ ಒಣಗಿ, ಎರಡು ಹಾಳೆ ಒಂದರಂತೆ ಮಗುಚುತ್ತಿವೆ. ಐದನೇ ಪುಟ ಆದ ಮೇಲೆ ಎಂಟನೇ ಪುಟ. ಆರು ಏಳು ಪುಟಗಳು ಒಳಗೆ ಮುಖಕ್ಕೆ ಮುಖ ಕೊಟ್ಟುಕೊಂಡು ಬೀಗದಲ್ಲಿವೆ.

ಕೊನೆಯ ಪುಟದ ಕೆಳಗೆ ಪ್ರೆಸ್ಸಿನ ಹೆಸರು ಇದ್ದದ್ದನ್ನು ನೋಡಿದಳು. ಇದೇ ಪ್ರೆಸ್ಸು. ಹದಿಮೂರು ವರ್ಷದ ಹಿಂದಿನ ಕೆಲಸ. ಆ ವರ್ಷ ಕಟಿಂಗ್ ಮೆಷಿನ್ನಿನ ಬ್ಲೇಡು ಮೊಂಡಾಗಿ ಅಂಚು ಪೂರಾ ತೆಗೆಯುತ್ತಿರಲಿಲ್ಲ. ಇಲಾಖೆಯವರು ಬಾಗಿಲಲ್ಲಿ ನಿಂತು ಆತುರ ಮಾಡಿದ್ದರು. ಪರೀಕ್ಷಿಸದೆ ಕಟ್ಟು ಹಾಕಿ ಕೊಟ್ಟವಳು ಅವಳೇ. ಆ ಮಡಿಕೆ ಅವಳದು, ಅಂಟೂ ಅವಳದು.

ಸೊಂಟದಿಂದ ಮೂಳೆಯ ಪಟ್ಟಿ ತೆಗೆದು ಸಂದಿಗೆ ತೂರಿಸಿ ಒಂದೇ ಎಳೆತ ಎಳೆದಳು. ಚರ್ರೆಂದಿತು. ಒಳಗಿನ ಕಾಗದ ನಿನ್ನೆ ತಂದಷ್ಟು ಬೆಳ್ಳಗಿತ್ತು.

ಸಾಹೇಬರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಫೋನಿಗೆ ಓದಿದರು. ಮೊದಲು ಅಭ್ಯಾಸದ ಗಟ್ಟಿ ದನಿಯಲ್ಲಿ, ಹೋಗಹೋಗುತ್ತ ಮೆತ್ತಗೆ.

"ಏಳು. ಗುಟ್ಟು ಕಾಪಾಡಲು ಎಷ್ಟು ಅಗತ್ಯವೋ ಅಷ್ಟೇ ನಿರ್ಬಂಧವನ್ನು ಹೇರತಕ್ಕದ್ದು. ಕೆಲಸಗಾರರು ನಾಗರಿಕರೆಂಬುದನ್ನು ಮರೆಯತಕ್ಕದ್ದಲ್ಲ. ನ್ಯಾಯಾಲಯ, ಚುನಾವಣೆ ಅಥವಾ ಸರ್ಕಾರಿ ವಿಚಾರಣೆಗೆ ಹಾಜರಾಗಲು, ಅಥವಾ ಕುಟುಂಬದಲ್ಲಿ ಸಾವು, ಹೆರಿಗೆ, ಕಾಯಿಲೆ ಇದ್ದಲ್ಲಿ, ಸ್ಥಳದಲ್ಲಿರುವ ಅಧಿಕಾರಿಯು ಕಾವಲಿನೊಡನೆ ಹೊರಗೆ ಕಳುಹಿಸತಕ್ಕದ್ದು. ನಿರಾಕರಿಸಿದಲ್ಲಿ ಕಾರಣವನ್ನು ಬರಹದಲ್ಲಿ ಕೊಡತಕ್ಕದ್ದು. ಕೆಲಸಗಾರರು ಬರೆದುಕೊಟ್ಟ ಯಾವ ಒಪ್ಪಿಗೆಯಿಂದಲೂ ಈ ನಿಯಮವು ಬಿದ್ದುಹೋಗತಕ್ಕದ್ದಲ್ಲ."

ಫೋನಿನ ಆ ತುದಿಯಲ್ಲಿ ಸುಮ್ಮನೆ ಕಾಲೆಳೆಯಲು ಹೋದ ಗಿಳಿಗೆ ಕಾಲೇ ಕೈಗೆ ಬಂದಂತಾಗಿತ್ತು. ದೊಡ್ಡ ಸಾಹೇಬರ ಗಂಟಲು ಸಣ್ಣದಾಗಿ, "ಹೂಂಹೂಂ... ಹಾಗೇ ಮಾಡಿ ಮತ್ತೆ" ಎಂದಿತು. ಫೋನ್ ಇಟ್ಟ ಸದ್ದು. ಮರುಗಳಿಗೆಯೇ ಕೆಳಗೆ ಮೆಷಿನ್ ಎಂದಿಗಿಂತ ಜೋರಾಗಿ ಶುರುವಾಯಿತು.

ಸಾಹೇಬರು ಕುಳಿತುಬಿಟ್ಟರು.

"ಹನ್ನೊಂದು ವರ್ಷದಲ್ಲಿ ನಾಲ್ಕು ಜನ ಕೇಳಿದ್ದರಮ್ಮ" ಎಂದರು, ಅವಳಿಗೋ ಮೇಜಿಗೋ ತಿಳಿಯದಂತೆ. "ಒಬ್ಬನ ತಾಯಿ ತೀರಿಕೊಂಡಿದ್ದಳು. ಅವಕಾಶವಿಲ್ಲ ಅಂದೆ. ಪುಸ್ತಕ ತೋರಿಸಿಯೇ ಹೇಳಿದೆ."

ಅಂಟು ಹಾಕಿದವಳು ನಾನು ಎಂದು ಹೇಳಬೇಕೆಂದುಕೊಂಡಳು ಅಕ್ಕ. ಗಡಿಯಾರ ಹತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ಸಾಹೇಬರು ಎದ್ದು ಕೆಲಸಕ್ಕೆ ತೊಡಗಿದರು. ಅವಳು ಹಿಂದೆ ಒಳಗಿದ್ದ ದಿನಗಳನ್ನು ರಿಜಿಸ್ಟರಿನಿಂದ ನೋಡಿ ಒಂದು ಕಾಗದ ಬರೆದು ಮೊಹರು ಒತ್ತಿದರು. ಕಿಂಡಿಯಿಂದ ಬೀಗದ ಕೈ ದಾಟಿಸಿದರು. ಕಾವಲಿನ ಹೆಂಗಸು ಹೊರಗೆ ಅರಗು ಒಡೆಯುವ ಸದ್ದು ಕೇಳಿತು. ಬಾಗಿಲು ತೆರೆದು ಬೆಳಕು ಒಂದು ಪಟ್ಟಿಯಾಗಿ ಒಳಗೆ ಬಂತು. ಅಕ್ಕ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

ಟ್ರಿ... ಣ್. ಉದ್ದದ ಗಂಟೆ. ಹತ್ತು. ಮೆಷಿನ್ ಸದ್ದು ತಟ್ಟನೆ ನಿಂತಿತು.

ಅಕ್ಕನ ಒಂದು ಕಾಲು ಚಪ್ಪಲಿಯೊಳಗೆ, ಒಂದು ಹೊರಗೆ. ಸಾಹೇಬರು ಮೆಟ್ಟಿಲು ಹತ್ತಿ ಹೋಗಿ ಫೋನ್ ಎತ್ತಿದರು. ಕೋಣೆಯ ಬಾಗಿಲು ತೆರೆದೇ ಇತ್ತು.

"ಹೂಂಹೂಂ. ಏನಪ್ಪಾ, ಎಲ್ಲ ನಿಯಮದ ಪ್ರಕಾರ?"

"ಸಾರ್, ಈಗ ತಾನೇ ತಾವು ಹೇಳಿದ ಹಾಗೆ..."

"ನಾನೇನು ಹೇಳಿದೆ? ಇವತ್ತು ನಾನು ಫೋನ್ ಮಾಡ್ತಿರೋದೇ ಈಗ."

ಗಾಜಿನ ಗೋಡೆಯಾಚೆಯಿಂದ ಸಾಹೇಬರ ಕಣ್ಣು ಮೆಟ್ಟಿಲಿಳಿದು ಮೆಷಿನ್ ಕೋಣೆಗೆ ಹೋಗಿ, ಅಲ್ಲಿಂದ ಬಾಗಿಲಲ್ಲಿ ನಿಂತ ಅಕ್ಕನ ಮೇಲೆ ಬಂದು ನಿಂತಿತು. ಅವರಿಗೆ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಯಿತು. ಮುಗಿಯಿತು ಎಂದುಕೊಂಡಳು. ಒಳಗಿದ್ದ ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆಯತೊಡಗಿದಳು.

"ಏನಪ್ಪಾ? ಇದೀಯಾ?"

"ಇದೀನಿ ಸಾರ್" ಎಂದರು ಸಾಹೇಬರು. ಅವರ ಧ್ವನಿ ಬೇರೆಯಾಗಿತ್ತು. "ಒಬ್ಬರು ಕೆಲಸಗಾರರನ್ನ ಕಾವಲಿನ ಜೊತೆ ವಿಚಾರಣೆಗೆ ಕಳಿಸ್ತಿದೀನಿ ಸಾರ್. ಏಳನೇ ನಿಯಮದ ಕೆಳಗೆ."

"ಏಳಾ? ಏಳು ರದ್ದಾಗಿದೆಯಲ್ಲಪ್ಪಾ! ಯಾರು ಹೇಳಿದ್ದು ನಿಂಗೆ?"

"ಯಾರು ಹೇಳಿದರು ಅನ್ನೋದು ಬಿಡಿ ಸಾರ್. ತಮ್ಮ ಮೇಜಿನ ಮೇಲೆ ಪುಸ್ತಕ ಇದೆಯಾ? ಐದನೇ ಪುಟ ತೆಗೀರಿ. ಆ ಹಾಳೆ ದಪ್ಪಗಿದೆಯಾ? ಅದರೊಳಗೆ ಒಂದು ಚಾಕು ಹಾಕಿ ಸಾರ್."

ಆ ಕಡೆ ಡ್ರಾಯರ್ ಎಳೆದ ಸದ್ದು. ಹುಡುಕಿದ ಸದ್ದು. ಆಮೇಲೆ, ಮೆಟ್ಟಿಲವರೆಗೂ ಕೇಳುವಂತೆ, ಚರ್ರ್.

ಗಂಟಲು ಸರಿಮಾಡಿಕೊಳ್ಳುವುದನ್ನು ಮರೆತು ದೊಡ್ಡ ಸಾಹೇಬರು ಓದುತ್ತಿದ್ದಿರಬೇಕು. ಕೊನೆಗೆ, "ಹೋಗಲಿ" ಎಂದರು. "ಕಳಿಸು. ಮತ್ತೆ... ಇದರ ಎಷ್ಟು ಪ್ರತಿ ಅಚ್ಚಾಗಿತ್ತಪ್ಪಾ?"

ಅದಕ್ಕೆ ಸಾಹೇಬರು ಏನೆಂದರೋ, ಅಕ್ಕ ಆಗಲೇ ಬೀದಿಯಲ್ಲಿದ್ದಳು. ಮೊಣಕಾಲಿಂದ ಮೇಲೂ ಜನರಿದ್ದರು, ಪ್ರತಿಯೊಬ್ಬರಿಗೂ ಮುಖವಿತ್ತು.

ವಾರ್ಡ್ ಕಚೇರಿಯ ಮೇಜಿನ ಹಿಂದಿನ ಅಧಿಕಾರಿಗೆ ಅವಸರ. "ಮೂರು ಸಲ ಬಂದಿದಾರೆ, ನೀವಿರಲಿಲ್ಲ. ವಾಸವಿಲ್ಲ ಅಂತ ಬರೆದಿದೆ."

"ಹಗಲು ಹೊತ್ತು ಮನೇಲಿಲ್ಲದವರೆಲ್ಲ ವಾಸವಿಲ್ಲದವರಾದರೆ, ನಿಮ್ಮ ಹೆಸರೂ ಇರಬಾರದಲ್ವಾ ಸಾರ್? ನೀವೂ ಇಲ್ಲೇ ಇದೀರಿ."

ಅಧಿಕಾರಿ ಮೊದಲ ಸಲ ತಲೆಯೆತ್ತಿದರು. "ಆ ಮೂರು ದಿನ ಎಲ್ಲಿದ್ದಿರಿ?"

ಅಕ್ಕ ಮೊಹರಿನ ಕಾಗದ ಮುಂದಿಟ್ಟಳು. ಜೊತೆಗೆ ಬಂದಿದ್ದ ಕಾವಲಿನ ಹೆಂಗಸು ಕೇಳದೆಯೇ ಮುಂದೆ ಬಂದಳು. "ನನ್ನ ಕಾವಲಲ್ಲಿದ್ದರು ಸಾರ್. ಮೂರು ಸಲವೂ ಒಳಗೆ ಹಾಕಿ ಬೀಗ ಜಡಿದೋಳು ನಾನೇ."

"ಯಾಕೆ?"

"ಅದು ಗುಟ್ಟು ಸಾರ್."

"ಏನು ತಪ್ಪು ಮಾಡಿದ್ದರು?"

"ತಪ್ಪಿಲ್ಲ ಸಾರ್, ಕೆಲಸ ಮಾಡಿದ್ದರು."

ಅಧಿಕಾರಿ ಕಾಗದ ನೋಡಿದರು, ಮೂರು ತಾರೀಖುಗಳಿಗೆ ಬೆರಳಿಟ್ಟು ತಾಳೆ ನೋಡಿದರು, ಕಡತದ ಮೇಲೆ ಒಂದು ಸಾಲು ಬರೆದರು: ಆಕ್ಷೇಪಣೆ ಕೇಳಲಾಯಿತು, ಹೆಸರನ್ನು ಉಳಿಸಿಕೊಳ್ಳಲಾಗಿದೆ. ಅಕ್ಕ ಅದರ ಪ್ರತಿ ಕೊಡುವ ತನಕ ಕುರ್ಚಿ ಬಿಡಲಿಲ್ಲ.

ಒಂದು ಗಂಟೆಗೆ ವಾಪಸು ಬಂದು, ತಾನಾಗಿಯೇ ಹೊಸ್ತಿಲು ದಾಟಿ ಒಳಗೆ ಹೋದಳು. ಹಿಂದೆ ಬೀಗ ಬಿತ್ತು, ಬಟ್ಟೆ, ಅರಗು, ಮೊಹರು. ಇನ್ನೂ ಮೂರು ದಿನ. ಹೊರಗೆ ಹೋಗಿ ಬಂದವಳಿಗೆ ಮಸಿಯ ವಾಸನೆ ಮತ್ತೆ ಹೊಸದಾಗಿ ಮೂಗಿಗೆ ಹೊಡೆಯಿತು. ಸಾಹೇಬರ ಎದುರು ನಿಂತು, "ಆ ಪುಸ್ತಕ ಕಟ್ಟಿದ್ದು ನಾನೇ ಸಾರ್" ಎಂದು ಹೇಳಿಬಿಟ್ಟಳು. ಅವರು ಪುಸ್ತಕದ ಅಂಚಿನ ಮೇಲೆ ಬೆರಳು ಜಾರಿಸಿ, "ಮಗುಚಿದ್ದು ನಾನೇ ಅಲ್ವಾ" ಎಂದರು.

ಚಹಾದ ಹೊತ್ತಿಗೆ, ಅಕ್ಕ ಹಾಳೆ ಒಯ್ಯಲು ಕೆಳಗೆ ಹೋಗಿದ್ದಾಗ, ಸಾಹೇಬರು ಮೆಟ್ಟಿಲಿಳಿದು ಮೆಷಿನ್ ಕೋಣೆಗೆ ಬಂದರು. ಒಂಬತ್ತು ದಿನದಲ್ಲಿ ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ಗಿಳಿ ಮೆಷಿನ್ ನಿಲ್ಲಿಸಿದ. ಮುಖದ ಮಸಿಯ ಕೆಳಗೂ ಬಣ್ಣ ಇಳಿದದ್ದು ಕಾಣುತ್ತಿತ್ತು. ಸಾಹೇಬರು ಮಾತಿಲ್ಲದೆ ಗೋಡೆಯ ಫೋನ್ ಎತ್ತಿ ಒಂದು ಗುಂಡಿ ಒತ್ತಿದರು. ಮೇಲೆ ಖಾಲಿ ಕೋಣೆಯಲ್ಲಿ ಟ್ರಿಣ್ ಟ್ರಿಣ್ ಎಂದಿತು.

"ಎರಡು ಚಿಕ್ಕದು" ಎಂದರು ಸಾಹೇಬರು. "ಹನ್ನೊಂದು ವರ್ಷ ಓದಿದೆ, ಏಳು ಕಾಣಲಿಲ್ಲ. ಇವತ್ತು ಕಿವಿಯಾರೆ ಕೇಳಿದೆ, ಎರಡು ಅಂತ ಗೊತ್ತಾಗಲಿಲ್ಲ."

"ತಪ್ಪಾಯ್ತು ಸಾರ್. ಅಕ್ಕನಿಗೆ ಗೊತ್ತಿಲ್ಲ ಸಾರ್. ನಾನೊಬ್ಬನೇ..."

"ಗಂಟಲು ಎಲ್ಲಿಂದ ತಂದೆ ಅದನ್ನ?"

"ಮೆಟ್ಟಿಲ ಹತ್ರ ನಿಂತು ಕೇಳಿದ್ದು ಸಾರ್."

"ನನ್ನೆದುರು ಮಾಡು ನೋಡೋಣ."

ಗಿಳಿ ಅಕ್ಕನ ಮುಖ ನೋಡಿದ. ಅಕ್ಕ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವನು ಉಗುಳು ನುಂಗಿ, ಎದೆ ಮುಂದೆ ಮಾಡಿ, ಗಲ್ಲವನ್ನು ಕುತ್ತಿಗೆಗೆ ಒತ್ತಿದ.

"ಹೂಂಹೂಂ. ಏನಪ್ಪಾ, ಎಲ್ಲ ನಿಯಮದ ಪ್ರಕಾರ?"

ಸಾಹೇಬರ ಹಿಮ್ಮಡಿಗಳು ಟಪ್ಪೆಂದು ಕೂಡಿಕೊಂಡವು, ಬೆನ್ನು ನೆಟ್ಟಗಾಯಿತು. "ನಿಯಮದ ಪ್ರಕಾರ ಸಾರ್!"

ಸಾಹೇಬರು ಮೆಲ್ಲಗೆ ತಲೆ ಬಗ್ಗಿಸಿ ಕೂಡಿಕೊಂಡಿದ್ದ ತಮ್ಮ ಕಾಲುಗಳನ್ನು ನೋಡಿದರು, ಬಿಗಿದು ತೊಡೆಗೆ ಅಂಟಿದ್ದ ಕೈಗಳನ್ನು ನೋಡಿದರು, ಎದುರಿಗಿದ್ದ ಮಸಿ ಮೆತ್ತಿದ ದೊಡ್ಡ ಸಾಹೇಬರನ್ನು ನೋಡಿದರು. ಗಂಟಲಿನಲ್ಲಿ ಏನೋ ಗುಳುಗುಳು ಎಂದಿತು. ಅಕ್ಕ ಸೆರಗು ಬಿಟ್ಟು ಕಿಸಕ್ಕೆಂದಳು, ಗಿಳಿ ಹೆದರುತ್ತಲೇ ಹಲ್ಲು ಬಿಟ್ಟ. ಅಷ್ಟರಲ್ಲಿ ಸಾಹೇಬರು ಕಾಗದದ ಕಟ್ಟಿನ ಮೇಲೆ ಕುಸಿದು, ಕನ್ನಡಕ ಕಿತ್ತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ್ದರು. ಒಳಗೇನಾಯಿತೋ ಎಂದು ಹೊರಗಿನ ಕಾವಲಿನವರು ಕಿಂಡಿ ತಟ್ಟಿದರು. ಉತ್ತರ ಕೊಡಬೇಕಾದವರಿಗೆ ಉಸಿರಿರಲಿಲ್ಲ. ಬೀಗ ಹಾಕಿದ ಆ ಮನೆಯೊಳಗಿಂದ ಬೀದಿಗೆ ಕೇಳುವಂತೆ ನಗುತ್ತಿದ್ದವರು ಸಾಹೇಬರೊಬ್ಬರೇ.